ಕಬ್ಬಿನ ಗದ್ದೆಯ ಚಿರತೆ, ಕಾಫಿ ತೋಟದ ಆನೆ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ತಿಂಗಳ ಉಪನ್ಯಾಸಕ್ಕೆ 'ಪರಿಸರ' ಎಂದಷ್ಟೇ ವಿಷಯ ಕೊಟ್ಟಿದ್ದರು. ಅದು ಬಹಳ ದೊಡ್ಡ ಮಾತಾಯಿತು. ಅದರೊಳಗೆ ನನಗೆ ಅಷ್ಟಿಷ್ಟು ಗೊತ್ತಿರುವ ಒಂದು ತುಂಡನ್ನು ಆರಿಸಿಕೊಂಡಿದ್ದೇನೆ: ಹೊಲಗದ್ದೆಗೆ ಬರುವ ಕಾಡುಪ್ರಾಣಿಗಳು ಮತ್ತು ಅಲ್ಲೇ ದುಡಿದು ಬದುಕಬೇಕಾದ ಜನ. ನಾನು ವಿಜ್ಞಾನಿಯಲ್ಲ. ಸಕಲೇಶಪುರ ತಾಲ್ಲೂಕಿನಲ್ಲಿ ಹುಟ್ಟಿದವಳು, ಮದುವೆಯಾಗಿ ಪುಣೆಗೆ ಬಂದವಳು, ಬ್ಯಾಂಕ್ ನೌಕರಿಯಲ್ಲಿ ಏಳು ವರ್ಷ ಜುನ್ನರ್ ಕಡೆಯ ಒಂದು ಶಾಖೆಯಲ್ಲಿ ಕೂತವಳು. ತವರಿನಲ್ಲಿ ಆನೆ, ನೌಕರಿಯ ಊರಿನಲ್ಲಿ ಚಿರತೆ. ಸಾಲ ಕೇಳಲು ಬಂದ ರೈತರ ಬಾಯಲ್ಲಿ ಕೇಳಿದ್ದು, ಅಣ್ಣ ಅತ್ತಿಗೆಯರ ಫೋನಿನಲ್ಲಿ ಕೇಳಿದ್ದು, ಆಮೇಲೆ ಕುತೂಹಲಕ್ಕೆ ಹುಡುಕಿ ಓದಿದ್ದು, ಇಷ್ಟೇ ನನ್ನ ಬಂಡವಾಳ.

ಮೊದಲು ಹತ್ತಿರದ್ದು ಹೇಳುತ್ತೇನೆ. ಪುಣೆಯಿಂದ ನಾಸಿಕ್ ರಸ್ತೆ ಹಿಡಿದರೆ ಎರಡು ಮೂರು ಗಂಟೆಯಲ್ಲಿ ಜುನ್ನರ್ ತಾಲ್ಲೂಕು. ಶಿವನೇರಿ ನೋಡಲು ನೀವೆಲ್ಲ ಹೋಗಿರುತ್ತೀರಿ. ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಕಬ್ಬು. ಮೊದಲು ಅದು ಹೀಗಿರಲಿಲ್ಲ. ಕುಕಡಿ ಯೋಜನೆಯ ಅಣೆಕಟ್ಟುಗಳು ಬಂದವು, ಕಾಲುವೆ ಬಂತು, ಸಜ್ಜೆ ಬೆಳೆಯುತ್ತಿದ್ದ ಭೂಮಿಯಲ್ಲಿ ಕಬ್ಬು ನಿಂತಿತು. ಕಬ್ಬು ವರ್ಷದಿಂದ ಒಂದೂವರೆ ವರ್ಷದವರೆಗೆ ಗದ್ದೆಯಲ್ಲಿರುವ ಬೆಳೆ. ಒಳಗೆ ತಂಪು, ನೀರು, ಆಳೆತ್ತರದ ಮರೆ. ಸುತ್ತ ಹಳ್ಳಿಗಳಲ್ಲಿ ಬೀದಿನಾಯಿ, ಹಂದಿ, ಮೇಕೆ, ಕೋಳಿ. ಚಿರತೆಗೆ ಇನ್ನೇನು ಬೇಕು ಹೇಳಿ? ಅಲ್ಲೇ ಮರಿ ಹಾಕುತ್ತದೆ. ಕಬ್ಬಿನಲ್ಲೇ ಹುಟ್ಟಿ, ಕಬ್ಬಿನಲ್ಲೇ ಬೆಳೆದು, ತನ್ನ ಆಯುಸ್ಸಿನಲ್ಲಿ ಒಮ್ಮೆಯೂ ದೊಡ್ಡ ಕಾಡು ನೋಡದ ಚಿರತೆಗಳು ಅಲ್ಲಿವೆ.

ಆದ್ದರಿಂದ 'ಕಾಡು ನಾಶವಾಯಿತು, ಪಾಪ ಪ್ರಾಣಿ ಊರಿಗೆ ಬಂತು' ಎಂದು ನಾವು ಪ್ರತಿ ಸಲ ಹೇಳುತ್ತೇವಲ್ಲ, ಅದು ಎಲ್ಲ ಕಡೆಗೂ ಹೊಂದುವ ಮಾತಲ್ಲ. ಜುನ್ನರಿನಲ್ಲಿ ಚಿರತೆ ದಾರಿ ತಪ್ಪಿ ಬಂದ ಅತಿಥಿಯಲ್ಲ, ಅಲ್ಲಿನ ನಿವಾಸಿ. ಇದನ್ನು ಒಪ್ಪಿಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲೇ ಒಂದು ಕಥೆ ಇದೆ.

2001ರ ಸುಮಾರಿಗೆ ಜುನ್ನರ್ ಭಾಗದಲ್ಲಿ ಚಿರತೆಗಳನ್ನು ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. ಕೇಳಲು ಎಷ್ಟು ಸರಿಯಾಗಿದೆ! ಪ್ರಾಣಿ ಕಾಡಿಗೆ ಹೋಯಿತು, ಜನ ನೆಮ್ಮದಿಯಾಗಿರಬೇಕು. ಆದದ್ದು ತಿರುಗಾಮುರುಗಾ. ವಿದ್ಯಾ ಅತ್ರೇಯ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಅರಣ್ಯ ಇಲಾಖೆಯ ದಾಖಲೆಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡಿದರು. 29 ಚಿರತೆಗಳನ್ನು ಸರಾಸರಿ 40 ಕಿಲೋಮೀಟರ್ ದೂರ ಸಾಗಿಸಲಾಗಿತ್ತು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ 4 ಬಾರಿ ಮನುಷ್ಯರ ಮೇಲೆ ದಾಳಿಯಾಗುತ್ತಿದ್ದರೆ, ಆಮೇಲೆ ಅದು 17ಕ್ಕೆ ಏರಿತು. ದಾಳಿಗೆ ಸಿಕ್ಕವರಲ್ಲಿ ಸಾಯುವವರ ಪ್ರಮಾಣವೂ ಶೇಕಡಾ 18ರಿಂದ 36ಕ್ಕೆ, ಅಂದರೆ ಎರಡರಷ್ಟಾಯಿತು.

ಯಾಕೆ ಹೀಗೆ? ನಮ್ಮನ್ನೇ ಯಾರೋ ಕಣ್ಣು ಕಟ್ಟಿ, ಪಂಜರದಲ್ಲಿ ಹಾಕಿ, ಸುತ್ತ ಜನ ನಿಂತು ಕಿರುಚಾಡಿ, ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಇಳಿಸಿ ಬಂದರೆ ಹೇಗಾಗುತ್ತದೆ ಯೋಚಿಸಿ. ಅದಕ್ಕೆ ಅಲ್ಲಿ ನೀರೆಲ್ಲಿದೆ ಗೊತ್ತಿಲ್ಲ, ಆ ಜಾಗದಲ್ಲಿ ಆಗಲೇ ಬೇರೆ ಚಿರತೆ ಇದೆ. ತನ್ನ ಊರಿಗೆ ಮರಳಲು ಹೊರಡುತ್ತದೆ, ದಾರಿಯಲ್ಲಿ ಹತ್ತಾರು ಹಳ್ಳಿ. ಇತ್ತ ಹಿಡಿದ ಜಾಗ ಖಾಲಿಯೂ ಉಳಿಯುವುದಿಲ್ಲ, ಇನ್ನೊಂದು ಚಿರತೆ ಬಂದು ಕೂರುತ್ತದೆ.

ಮರಳಿ ಹೋಗುವ ಮಾತು ಬಂದಾಗ ಅಜೋಬಾನನ್ನು ಬಿಡುವಂತಿಲ್ಲ. 2014ರಲ್ಲಿ ಊರ್ಮಿಳಾ ಮಾತೋಂಡ್ಕರ್ ನಟಿಸಿದ ಮರಾಠಿ ಸಿನಿಮಾ ನೋಡಿದವರಿಗೆ ಗೊತ್ತು. 2009ರಲ್ಲಿ ಅಹ್ಮದ್‌ನಗರ ಜಿಲ್ಲೆಯ ಬಾವಿಯೊಂದಕ್ಕೆ ಬಿದ್ದಿದ್ದ ವಯಸ್ಸಾದ ಗಂಡು ಚಿರತೆ ಅದು. ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಮಾಳ್ಶೇಜ್ ಘಾಟಿನಲ್ಲಿ ಬಿಟ್ಟರು. ಅದು ಹೆಚ್ಚುಕಡಿಮೆ 120 ಕಿಲೋಮೀಟರ್ ನಡೆದು ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಬಂದು ಸೇರಿತು! ಹೆದ್ದಾರಿ, ರೈಲು ಹಳಿ, ಕಾರ್ಖಾನೆ, ಜನವಸತಿ ಎಲ್ಲ ದಾಟಿ. ದಾರಿಯುದ್ದಕ್ಕೂ ಒಬ್ಬರ ಮೈಮೇಲೂ ಬೀಳಲಿಲ್ಲ. ಬಹಳ ಮಂದಿಗೆ ತಮ್ಮ ಹಿತ್ತಲಿನಿಂದ ಚಿರತೆ ಹೋದದ್ದೇ ಗೊತ್ತಾಗಿರಲಿಕ್ಕಿಲ್ಲ.

ಇದೇ ತಂಡ ಅಹ್ಮದ್‌ನಗರದ ಅಕೋಲೆ ಕಡೆ ಕ್ಯಾಮೆರಾ ಇಟ್ಟು ನೋಡಿತು. ಚದರ ಕಿಲೋಮೀಟರಿಗೆ 300ಕ್ಕೂ ಹೆಚ್ಚು ಜನರಿರುವ ಬಯಲು. ಅಲ್ಲಿ ನೂರು ಚದರ ಕಿಲೋಮೀಟರಿಗೆ ಸುಮಾರು ಐದು ಚಿರತೆಗಳು, ಅಷ್ಟೇ ಕತ್ತೆಕಿರುಬಗಳು. ಚಿರತೆಯ ಲದ್ದಿ ಪರೀಕ್ಷಿಸಿದರೆ ಅದರ ಆಹಾರದಲ್ಲಿ ದೊಡ್ಡ ಪಾಲು ನಾಯಿಯದು, ತೂಕದ ಲೆಕ್ಕದಲ್ಲಿ ಶೇಕಡಾ 39. ನಾಯಿ ಎಲ್ಲಿ ಹೆಚ್ಚುತ್ತದೆ? ಕಸ ಎಲ್ಲಿದೆಯೋ ಅಲ್ಲಿ. ಆದ್ದರಿಂದ ಚಿರತೆಯ ಸಮಸ್ಯೆಯ ಅರ್ಧ ಭಾಗ ಅರಣ್ಯ ಇಲಾಖೆಯದಲ್ಲ, ಕಸ ಎತ್ತುವ ಪಂಚಾಯಿತಿಯದು. ಮುಂಬಯಿಯಲ್ಲಿ 2004ರಲ್ಲಿ ಉದ್ಯಾನದ ಅಂಚಿನಲ್ಲಿ ಸಾಲುಸಾಲಾಗಿ ಜನ ಸತ್ತ ಮೇಲೆ ನಿಧಾನವಾಗಿ ಅರ್ಥವಾದ ಮಾತೂ ಇದೇ. ಅಲ್ಲಿನ ನಮ್ಮ ಸಂಘದ ಗೆಳತಿಯರು ಆರೆ ಕಾಲೋನಿ ಕಡೆಯವರಾದರೆ ನನಗಿಂತ ಚೆನ್ನಾಗಿ ಹೇಳಿಯಾರು. ಆ ಭಾಗದ ವಾರ್ಲಿ ಜನ ವಾಘೋಬಾನನ್ನು ಪೂಜಿಸುತ್ತಾರೆ, ಗುಡಿಯೂ ಇದೆ. ನಮ್ಮ ಕಡೆ ಹುಲಿಯ ಮೇಲೆ ಕೂತ ಮಾದಪ್ಪನಿಗೆ ನಡೆದುಕೊಳ್ಳುವ ಹಾಗೆ.

ಇಷ್ಟು ಕೇಳಿ 'ಹಾಗಾದರೆ ಚಿರತೆ ಸಾಧು ಪ್ರಾಣಿ' ಎಂದುಕೊಳ್ಳಬೇಡಿ. 2025ರ ಅಕ್ಟೋಬರ್ ನವೆಂಬರಿನಲ್ಲಿ ಶಿರೂರು ತಾಲ್ಲೂಕಿನ ಪಿಂಪರಖೇಡ್ ಭಾಗದಲ್ಲಿ ಕೆಲವೇ ವಾರಗಳಲ್ಲಿ ಮೂವರು ಸತ್ತರು, ಅವರಲ್ಲಿ ಇಬ್ಬರು ಮಕ್ಕಳು. ಜನ ರಸ್ತೆಗಿಳಿದರು. ಹೊಲಕ್ಕೆ ಹೋಗುವವರು ಕೊರಳಿಗೆ ಮೊಳೆ ಬಡಿದ ಪಟ್ಟಿ ಕಟ್ಟಿಕೊಂಡ ಚಿತ್ರಗಳನ್ನು ನೀವೂ ನೋಡಿರಬಹುದು. ನಮ್ಮಲ್ಲಿ ಕೆಲವರು ಅದನ್ನು ನಗುವ ಚಿಹ್ನೆ ಹಾಕಿ ಗುಂಪಿಗೆ ಕಳಿಸಿದ್ದರು. ನನಗೆ ನಗು ಬರಲಿಲ್ಲ. ಮಂಗಳಸೂತ್ರದ ಮೇಲೆ ಮೊಳೆಯ ಪಟ್ಟಿ ಹಾಕಿಕೊಂಡು ಕಳೆ ಕೀಳಲು ಹೋಗುವುದೆಂದರೆ ಏನು? ಬಗ್ಗಿ ಕೂತು ಕೆಲಸ ಮಾಡುವವರು ನಾವು ಹೆಂಗಸರು. ಕಳೆ ಕೀಳುವುದು, ಹುಲ್ಲು ಕೊಯ್ಯುವುದು, ಸೌದೆ ಆಯುವುದು ಎಲ್ಲ ಬಗ್ಗಿಯೇ. ಬಗ್ಗಿದ ಮನುಷ್ಯ ಚಿರತೆಯ ಕಣ್ಣಿಗೆ ಮನುಷ್ಯನ ಆಕಾರದಲ್ಲಿ ಕಾಣುವುದಿಲ್ಲ, ಮೇಕೆಯೋ ನಾಯಿಯೋ ಎನಿಸುತ್ತದೆ. ಮಕ್ಕಳ ಎತ್ತರವೂ ಅಷ್ಟೇ. ಕಬ್ಬು ಕಡಿಯಲು ಬೀಡ್ ಕಡೆಯಿಂದ ಬರುವ ಕುಟುಂಬಗಳು ಗದ್ದೆಯ ಬದಿಯಲ್ಲೇ ಗುಡಿಸಲು ಹಾಕಿ, ಕೂಸುಗಳನ್ನು ನೆಲದ ಮೇಲೆ ಮಲಗಿಸಿ ಕೆಲಸಕ್ಕಿಳಿಯುತ್ತವೆ. ಸಕ್ಕರೆಯ ಬೆಲೆಯಲ್ಲಿ ಈ ಅಪಾಯದ ಲೆಕ್ಕ ಎಲ್ಲಿಯೂ ಬರೆದಿಲ್ಲ.

ನಮ್ಮ ಶಾಖೆಗೆ ಬರುತ್ತಿದ್ದ ರೈತರು ಪದೇ ಪದೇ ಹೇಳುತ್ತಿದ್ದ ಇನ್ನೊಂದು ಮಾತಿತ್ತು: ಕರೆಂಟು. ಪಂಪಿಗೆ ಬೇಕಾದ ಮೂರು ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಕೊಡುತ್ತಾರೆ. ಚಿರತೆ ಓಡಾಡುವ ಹೊತ್ತಿಗೆ ಸರಿಯಾಗಿ ರೈತ ಟಾರ್ಚ್ ಹಿಡಿದು ಕಬ್ಬಿಗೆ ನೀರು ಬಿಡಲು ಹೋಗಬೇಕು. "ಮೇಡಂ, ಹಗಲು ಕರೆಂಟು ಕೊಡಿಸಿ, ಬಿಬಟ್ಯಾನನ್ನು ನಾವು ನೋಡಿಕೊಳ್ಳುತ್ತೇವೆ" ಎಂದು ಒಬ್ಬ ಅಜ್ಜ ನನ್ನ ಮೇಜಿನ ಮುಂದೆ ಕೂತು ಹೇಳಿದ್ದರು, ನಾನೇ ವಿದ್ಯುತ್ ಮಂತ್ರಿ ಎಂಬ ಹಾಗೆ. ಆದರೆ ಅವರ ಮಾತಿನಲ್ಲಿ ಇದ್ದಷ್ಟು ತಿರುಳು ಎಷ್ಟೋ ಟಿವಿ ಚರ್ಚೆಗಳಲ್ಲಿ ಇರುವುದಿಲ್ಲ. ಹಗಲು ಕರೆಂಟು, ಮೇಲೂ ಸುತ್ತಲೂ ಜಾಲರಿ ಇರುವ ಗಟ್ಟಿ ಕೊಟ್ಟಿಗೆ, ಮನೆಯ ಹತ್ತಿರ ಶೌಚಾಲಯ, ಕಸ ಎತ್ತುವುದು, ಮಕ್ಕಳು ಸಂಜೆ ಗುಂಪಾಗಿ ಬರುವುದು. ಇವೆಲ್ಲ ಸಪ್ಪೆ ಕೆಲಸಗಳು, ಫೋಟೋಗೆ ಚೆಂದ ಕಾಣುವುದಿಲ್ಲ. ಬೋನಿನಲ್ಲಿ ಘರ್ಜಿಸುವ ಚಿರತೆ ಚೆಂದ ಕಾಣುತ್ತದೆ. ಮನುಷ್ಯರನ್ನೇ ಹಿಡಿಯುವ ಚಿರತೆಯನ್ನು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕಂಡ ಕಂಡ ಚಿರತೆಯನ್ನೆಲ್ಲ ಹಿಡಿಯುವುದು ಬೇರೆ.

ಈಗ ನನ್ನ ತವರಿಗೆ ಬರುತ್ತೇನೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು, ಬೇಲೂರು, ಪಕ್ಕದ ಕೊಡಗು, ಚಿಕ್ಕಮಗಳೂರು. ಇಡೀ ದೇಶದಲ್ಲಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು, 2023ರ ಅಂದಾಜಿನಲ್ಲಿ 6,395. ಹೆಮ್ಮೆಯ ವಿಷಯವೇ. ಆದರೆ ಆ ಆನೆಗಳು ರಾತ್ರಿ ಊಟಕ್ಕೆ ಯಾರ ಗದ್ದೆಗೆ ಹೋಗುತ್ತವೆ ಎಂಬುದನ್ನೂ ಕೇಳಬೇಕು. ಒಂದು ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕೆಜಿ ಮೇವು ಬೇಕು. ಕಾಡಿನಲ್ಲಿ ಲಂಟಾನ ಹಬ್ಬಿ ಹುಲ್ಲು ಕಡಿಮೆಯಾಗಿದೆ. ಇತ್ತ ಕಾಫಿ ತೋಟದಲ್ಲಿ ನೆರಳಿದೆ, ಕೆರೆಯಿದೆ, ಹಲಸಿನ ಮರವಿದೆ, ರಾತ್ರಿ ಜನರಿಲ್ಲ. ಪಕ್ಕದಲ್ಲೇ ಹಾಲು ತುಂಬಿದ ಭತ್ತ. ಪ್ರೊಫೆಸರ್ ರಾಮನ್ ಸುಕುಮಾರ್ ಅವರು ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ಬಹಳ ಹಿಂದೆಯೇ ತೋರಿಸಿಕೊಟ್ಟರು, ಬೆಳೆಗೆ ನುಗ್ಗುವುದರಲ್ಲಿ ಗಂಡಾನೆಗಳೇ ಮುಂದು ಎಂದು. ಅಪಾಯ ಹೆಚ್ಚು, ಆದರೆ ಒಳ್ಳೆಯ ಊಟ. ನಮ್ಮ ಊರಿನಲ್ಲಿ ಅವಕ್ಕೆ ಹೆಸರುಗಳೂ ಇವೆ. ಭೀಮ ಎಂಬ ಸಲಗ, ಬೀಟಮ್ಮ ಎಂಬ ಹೆಣ್ಣಾನೆಯ ದೊಡ್ಡ ಗುಂಪು. ನೆಂಟರ ಸುದ್ದಿಯ ಹಾಗೆ 'ಬೀಟಮ್ಮನ ಗುಂಪು ಆ ಕಡೆ ದಾಟಿತಂತೆ' ಎಂದು ಮಾತಾಡಿಕೊಳ್ಳುತ್ತಾರೆ.

ಇಲ್ಲಿಯೂ ಹಿಡಿಯುವ ಕೆಲಸ ನಡೆಯಿತು. ಹೈಕೋರ್ಟಿನ ನಿರ್ದೇಶನದಂತೆ ಸುಕುಮಾರ್ ಅವರ ನೇತೃತ್ವದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗಳಿಗೇ ಮೀಸಲಾದ ಪ್ರದೇಶ, ಜನ ಮತ್ತು ಆನೆ ಹೊಂದಿಕೊಂಡು ಹೋಗುವ ಪ್ರದೇಶ, ಆನೆಗಳನ್ನು ತೆಗೆಯಲೇಬೇಕಾದ ಪ್ರದೇಶ ಎಂದು ಮೂರು ಮಾಡಿತು. ಪ್ರಾಮಾಣಿಕವಾದ ವಿಂಗಡಣೆ ಎಂದು ನನ್ನ ಭಾವನೆ, ಎಲ್ಲ ಕಡೆ ಒಂದೇ ಮಂತ್ರ ಹೇಳಲಿಲ್ಲ. 2014ರಲ್ಲಿ ಆಲೂರು ಭಾಗದಿಂದ 22 ಆನೆ ಹಿಡಿದರು. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಬಂದವು. ಜಾಗ ಹಾಗೆಯೇ ಇದೆ, ಊಟ ಹಾಗೆಯೇ ಇದೆ, ಬಾರದೆ ಇನ್ನೇನು? ಹಿಡಿಯುವ ಕೆಲಸಕ್ಕೂ ಬೆಲೆ ಇದೆ. ಎಂಟು ಸಲ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ನಮ್ಮ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯಲು ಹೋಗಿ ಅದರೊಡನೆ ಕಾದಾಡಿ ಸತ್ತ. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ ಎಂದು ಅತ್ತಿಗೆ ಹೇಳಿದರು. ಗದ್ದೆ ತುಳಿಸಿಕೊಂಡ ಮನೆಯೇ ಅದು, ನೆನಪಿರಲಿ.

ಅತ್ತಿಗೆಯ ಮಾತು ಬಂತಲ್ಲ, ಅವರದ್ದನ್ನೇ ಹೇಳುತ್ತೇನೆ. ಎರಡು ಎಕರೆ ಗದ್ದೆ. ಕೊಯ್ಲಿಗೆ ಹದಿನೈದು ದಿನ ಇರುವಾಗ ಒಂದು ರಾತ್ರಿ ಗುಂಪು ಇಳಿಯಿತು. ತಿಂದದ್ದು ಸ್ವಲ್ಪ, ತುಳಿದದ್ದೇ ಎಲ್ಲ. ಅಣ್ಣ ಆ ವರ್ಷದಿಂದ ಗದ್ದೆ ಬಿಟ್ಟರು. ನಮ್ಮ ಊರಿನಲ್ಲಿ ಹೀಗೆ ಪಾಳು ಬಿಟ್ಟ ಗದ್ದೆ ಬಹಳ. ಒಬ್ಬರು ಬಿಟ್ಟರೆ ಪಕ್ಕದವರ ಗದ್ದೆಯ ಮೇಲೆ ಹೊರೆ ಬೀಳುತ್ತದೆ, ಮರುವರ್ಷ ಅವರೂ ಬಿಡುತ್ತಾರೆ. ನಾನು ಸಮಾಧಾನ ಹೇಳಲು "ಅಕ್ಕಿ ಅಂಗಡಿಯಲ್ಲಿ ಸಿಗುತ್ತೆ ಬಿಡಿ ಅತ್ತಿಗೆ" ಎಂದೆ. ಅವರು ಹೇಳಿದ್ದು: "ಅಕ್ಕಿ ಸಿಗುತ್ತೆ ಕಣೇ. ಸಂಜೆ ಆರಕ್ಕೆ ಬಾಗಿಲು ಹಾಕ್ಕೊಂಡು ಕೂರ್ತೀವಲ್ಲ, ಆ ಸಂಜೆ ಎಲ್ಲಿ ಸಿಗುತ್ತೆ?" ಕೊಟ್ಟಿಗೆಗೆ ಹೋಗಬೇಕಾದರೂ ಟಾರ್ಚ್ ಬಿಟ್ಟು ಕಿವಿಗೊಟ್ಟು ನಿಲ್ಲಬೇಕು. ಮೊಮ್ಮಗಳು ಸ್ಕೂಲ್ ಬಸ್ಸಿಗೆ ಹೋಗುವ ದಾರಿಯಲ್ಲಿ ಲದ್ದಿ ಬಿಸಿಯಾಗಿದ್ದರೆ ಆ ದಿನ ಶಾಲೆಯಿಲ್ಲ. ತೋಟದ ಕೆಲಸಕ್ಕೆ ಬೆಳಿಗ್ಗೆ ನಡೆದು ಬರುವ ಹೆಣ್ಣಾಳುಗಳು ಬರಲು ಹೆದರಿ ಬಿಟ್ಟರೆ ಕೂಲಿಯಿಲ್ಲ. ಗಂಡಸು ರಾತ್ರಿ ಅಟ್ಟಣೆಯಲ್ಲಿ ಕಾವಲು ಕೂತರೆ ಹಗಲಿನ ಅವನ ಕೆಲಸವೂ ಹೆಂಡತಿಯ ತಲೆಗೆ. ನಷ್ಟದ ಅರ್ಜಿಯಲ್ಲಿ ಇವಕ್ಕೆ ಕಾಲಂ ಇಲ್ಲ, ಎಕರೆಗೆ ಇಷ್ಟು, ತೆಂಗಿನ ಗಿಡಕ್ಕೆ ಇಷ್ಟು ಎಂದಿದೆ.

ಏನು ಮಾಡಬಹುದು? ಕಂದಕ ತೋಡಿದರು, ಮಲೆನಾಡಿನ ಮಳೆಗೆ ಮಣ್ಣು ಕುಸಿದು ದಾರಿಯಾಯಿತು. ಸೋಲಾರ್ ಬೇಲಿ ಒಳ್ಳೆಯದು, ಆದರೆ ವಾರಕ್ಕೊಮ್ಮೆ ಬಳ್ಳಿ ಸವರದಿದ್ದರೆ ಸತ್ತ ತಂತಿ. ಆನೆ ಒಣಮರ ತಂದು ಅದರ ಮೇಲೆ ಕೆಡವುತ್ತದೆ, ಅಷ್ಟು ಬುದ್ಧಿ. ರೈಲು ಕಂಬಿಯ ಬೇಲಿ ಗಟ್ಟಿ, ಖರ್ಚು ಅಪಾರ. ಜೇನುಪೆಟ್ಟಿಗೆಯ ಬೇಲಿಯನ್ನು 2021ರಲ್ಲಿ ಖಾದಿ ಆಯೋಗ ಕೊಡಗಿನಲ್ಲಿ ಶುರು ಮಾಡಿತು. ಜೇನಂತೂ ಸಿಗಲಿ, ಆದರೆ ಸುರಿಯುವ ಮಳೆಯಲ್ಲಿ ಜೇನುಹುಳ ಕಾವಲು ಕಾಯುತ್ತದೆಂದು ನನಗೆ ನಂಬಿಕೆಯಿಲ್ಲ. ಪಟಾಕಿಗೆ ಆನೆಗಳು ಕಿವಿ ಅಲ್ಲಾಡಿಸುವುದನ್ನೂ ನಿಲ್ಲಿಸಿವೆ. ಮೇಲಾಗಿ ಅಟ್ಟಿಸಿದಾಗ ಗುಂಪು ಒಡೆದು ಮರಿಯಿರುವ ತಾಯಿ ತಿರುಗಿ ನಿಂತರೆ ಮುಗಿಯಿತು.

ನನಗೆ ಬಹಳ ಹಿಡಿಸಿದ್ದು ತಮಿಳುನಾಡಿನ ವಾಲ್ಪಾರೈಯ ಪ್ರಯೋಗ. ಚೆನ್ನೈಯ ಸದಸ್ಯರು ಅಲ್ಲಿಗೆ ಹೋಗಿರಬಹುದು, ಸುಮಾರು 220 ಚದರ ಕಿಲೋಮೀಟರ್ ಚಹಾ ತೋಟ, ನಡುವೆ ಕಾಡಿನ ತುಣುಕುಗಳು. ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನ ಆನಂದಕುಮಾರ್ ಮತ್ತು ಸಂಗಡಿಗರು ಸತ್ತವರ ವಿವರ ಕೂಡಿಸಿ ನೋಡಿದರು. ಹೆಚ್ಚಿನವರು ಸತ್ತದ್ದು ಆನೆ ಅಟ್ಟಿಸಿಕೊಂಡು ಬಂದು ಅಲ್ಲ, ಆನೆ ಅಲ್ಲಿದೆ ಎಂಬುದೇ ಗೊತ್ತಿಲ್ಲದೆ ಎದುರಾಗಿ. ಅಂದರೆ ಬೇಕಾದದ್ದು ಬೇಲಿಗಿಂತ ಮೊದಲು ಸುದ್ದಿ. ಆನೆ ಎಲ್ಲಿದೆ ಎಂದು ಸಂಜೆಯೇ ಸುತ್ತಲಿನವರ ಮೊಬೈಲಿಗೆ ಸಂದೇಶ ಕಳಿಸತೊಡಗಿದರು, ಎತ್ತರದ ಜಾಗಗಳಲ್ಲಿ ಕೆಂಪು ದೀಪ ಹಾಕಿದರು. ಆ ದೀಪವನ್ನು ಫೋನಿನಿಂದಲೇ ಹೊತ್ತಿಸಬಹುದು, ಹೊತ್ತಿಸುವವರು ಊರಿನ ಜನರೇ. ಬಸ್ಸಿಳಿದ ಹೆಂಗಸು ದೀಪ ನೋಡಿ ಒಬ್ಬಳೇ ನಡೆಯುವುದಿಲ್ಲ, ಕಾಯುತ್ತಾಳೆ. ಸಾವು ಕಡಿಮೆಯಾಯಿತು. ಆ ಕೆಲಸಕ್ಕೆ ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲೀ ಪ್ರಶಸ್ತಿ ಬಂತು. ಅದೇ ಬಗೆಯ ವ್ಯವಸ್ಥೆ ಈಗ ನಮ್ಮ ಹಾಸನದ ಕಡೆಯೂ ಇದೆ, ರಸ್ತೆ ಬದಿಯಲ್ಲಿ ಅಕ್ಷರ ಓಡುವ ಬೋರ್ಡು, ಫೋನಿಗೆ ಸಂದೇಶ. ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿಯೂ ಇದೆ. ಅತ್ತಿಗೆ ಈಗ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವ ಮೊದಲು ಆನೆ ಸಂದೇಶ ನೋಡುತ್ತಾರೆ.

'ಸಹಬಾಳ್ವೆ' ಎಂಬ ಮಾತನ್ನು ನಾನು ಇಷ್ಟು ಹೊತ್ತು ಬಳಸದಿದ್ದುದನ್ನು ಗಮನಿಸಿರಬಹುದು. ಏಳನೇ ಮಹಡಿಯಲ್ಲಿ ಕೂತ ನಮಗೆ ಅದು ಸುಲಭ. ಆನೆ ದಾಟಿದ ಮನೆಯವರು ಹೇಳಿದಾಗ ಅದಕ್ಕೆ ತೂಕ.

ಇನ್ನು ನಮ್ಮ ಕೈಲಿರುವುದು. ಇದು ಸಣ್ಣದೆನಿಸಿದರೂ ಹೇಳಲೇಬೇಕು. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಜಮೀನಿದೆ, ಬೇರೆಯವರು ನೋಡಿಕೊಳ್ಳುತ್ತಾರೆ. ಹಂದಿ ಕಾಟಕ್ಕೆಂದು ಬೇಲಿಗೆ ನೇರ ಕರೆಂಟು ಕೊಡುವುದು, ತಂತಿಯ ಉರುಳು ಹಾಕುವುದು ಅಲ್ಲಿ ನಡೆಯುತ್ತಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಹಂದಿಗೆ ಹಾಕಿದ ಉರುಳಿಗೆ ಚಿರತೆ, ಕರಡಿ ಸಿಕ್ಕಿಬೀಳುತ್ತವೆ. ಕರೆಂಟಿಗೆ ಆನೆಯೂ ಸಾಯುತ್ತದೆ, ಪಕ್ಕದ ಮನೆಯ ಹುಡುಗನೂ ಸಾಯುತ್ತಾನೆ. ಆನೆ, ಚಿರತೆ ಎರಡೂ 1972ರ ಕಾನೂನಿನ ಮೊದಲನೇ ಪಟ್ಟಿಯ ಪ್ರಾಣಿಗಳು, ಮೂರರಿಂದ ಏಳು ವರ್ಷ ಜೈಲು.

ಎರಡನೆಯದು ಕಾಗದಪತ್ರ. ಬ್ಯಾಂಕಿನವಳಾದ್ದರಿಂದ ಇದು ನನ್ನ ಪ್ರೀತಿಯ ವಿಷಯ, ಸಹಿಸಿಕೊಳ್ಳಿ. ಬೆಳೆ ಹಾನಿಯ ಪರಿಹಾರಕ್ಕೆ ಫೋಟೋ, ಪಹಣಿ, ಪಾಸ್‌ಬುಕ್ ಎಲ್ಲ ಕೇಳುತ್ತಾರೆ. ನಮ್ಮ ಮನೆಯ ಅರ್ಜಿ ನಿಂತದ್ದು ಎಲ್ಲಿ ಗೊತ್ತೆ? ಪಹಣಿ ಇನ್ನೂ ತೀರಿಹೋದ ನಮ್ಮ ಅಪ್ಪನ ಹೆಸರಿನಲ್ಲಿತ್ತು. ಪೌತಿ ಖಾತೆಯಾಗಿರಲಿಲ್ಲ. ಅದಕ್ಕೆ ನಾವು ಮೂವರು ಹೆಣ್ಣುಮಕ್ಕಳ ಸಹಿ ಬೇಕು, ಒಬ್ಬಳು ಪುಣೆ, ಒಬ್ಬಳು ಹೈದರಾಬಾದ್, ಒಬ್ಬಳು ದುಬೈ. ಸಹಿ ಕೂಡುವಷ್ಟರಲ್ಲಿ ಆ ವರ್ಷದ ಅರ್ಜಿ ತಿರಸ್ಕಾರವಾಗಿತ್ತು. ಹಕ್ಕು ಬಿಟ್ಟುಕೊಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನಮ್ಮ ಪಾಲು ನಮ್ಮದೇ. ಆದರೆ ಖಾತೆಯನ್ನು ಎಲ್ಲರ ಹೆಸರಿಗೆ ಸರಿ ಮಾಡಿಸಿ, ಬೆಳೆ ಪರಿಹಾರ ಉಳುವವರ ಖಾತೆಗೆ ಹೋಗಲಿ ಎಂದು ಒಂದು ಒಪ್ಪಿಗೆ ಪತ್ರ ಬರೆದುಕೊಟ್ಟು ಬನ್ನಿ. ವಾರಕ್ಕೆ ಗದ್ದೆ ಮಾಡುವ ಬಡ ಹೆಂಗಸಿಗೆ ಪಹಣಿಯೇ ಇರುವುದಿಲ್ಲ, ಅವಳಿಗೆ ನಷ್ಟವೆಲ್ಲ ಅವಳದು, ಪರಿಹಾರ ಮಾತ್ರ ಹೆಸರಿರುವವರದು. ನಿಮ್ಮ ಜಮೀನು ವಾರಕ್ಕೆ ಕೊಟ್ಟಿದ್ದರೆ ಬಂದ ಹಣವನ್ನು ಅವಳಿಗೆ ದಾಟಿಸಿ.

ಅರ್ಜಿ ಬರೆಯಲು ಸಹಾಯ ಮಾಡುವವರೂ ಇದ್ದಾರೆ. ಬಂಡೀಪುರ, ನಾಗರಹೊಳೆ ಸುತ್ತಿನ ಹಳ್ಳಿಗಳಲ್ಲಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನ ಕೃತಿ ಕಾರಂತ್ ಅವರ ತಂಡ 2015ರಿಂದ 'ವೈಲ್ಡ್ ಸೇವೆ' ನಡೆಸುತ್ತಿದೆ. ಕರೆ ಮಾಡಿದರೆ ಮನೆಗೇ ಬಂದು, ಹಾನಿ ನೋಡಿ, ಕಾಗದ ತಯಾರು ಮಾಡಿಕೊಡುತ್ತಾರೆ. ನಮ್ಮ ಶಿವರಾಮ ಕಾರಂತರ ಮೊಮ್ಮಗಳು ಅವರು. ಅಂಥದ್ದು ಇನ್ನೂ ಹತ್ತು ಊರಿನಲ್ಲಿ ಆಗಬೇಕು.

ಮತ್ತೆ, ಚಿರತೆ ಕಂಡರೆ ಗುಂಪುಗೂಡಬೇಡಿ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಚಿರತೆ ತಜ್ಞ ಸಂಜಯ್ ಗುಬ್ಬಿ ಅವರೇ ಗಾಯಗೊಂಡರು. ಅಷ್ಟು ಬಲ್ಲವರಿಗೇ ಹಾಗಾದರೆ ಮೊಬೈಲ್ ಹಿಡಿದು ಓಡುವ ನಮ್ಮ ಮಕ್ಕಳ ಗತಿಯೇನು? ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಅರಣ್ಯ ಇಲಾಖೆಯ ಸಹಾಯವಾಣಿ ಒಂದೇ ಸಂಖ್ಯೆ, 1926. ಬರೆದುಕೊಳ್ಳಿ, ಊರಿನಲ್ಲಿರುವ ಅಣ್ಣ ತಮ್ಮಂದಿರಿಗೂ ಕಳಿಸಿ. ಪೌತಿ ಖಾತೆಗೆ ಯಾವ ಯಾವ ಕಾಗದ ಬೇಕು ಎಂದು ಒಂದು ಪುಟದಲ್ಲಿ ಬರೆದಿಟ್ಟಿದ್ದೇನೆ, ಬೇಕಾದವರು ಸಭೆ ಮುಗಿದ ಮೇಲೆ ನನ್ನನ್ನು ಕೇಳಿ.

 ಪ್ರಶ್ನೆಗಳಿದ್ದರೆ ಈಗ ತೆಗೆದುಕೊಳ್ಳೋಣ.